ಕಾಡೇ ಪಾತ್ರವಾಗಿರುವ ಮಾಟಗಾತಿ ಕಾದಂಬರಿ ಇದೆಯಾ?

ಪ್ರಶ್ನೆ: ತಂಗಿ ಮಗಳಿಗೆ 13 ವರ್ಷ, ಮಾಟಗಾತಿ ಕಥೆ ಅಂದ್ರೆ ಪ್ರಾಣ. ಮೊನ್ನೆ ಕೊಡಿಸಿದ್ದನ್ನು ಅರ್ಧಕ್ಕೇ ಮುಚ್ಚಿಟ್ಟಳು. "ದೊಡ್ಡಮ್ಮ, ಇದರಲ್ಲಿ ಕಾಡು ಬರೀ ನಾಟಕದ ಪರದೆ. ಯಾರೂ ದಾರಿ ತಪ್ಪೋದೇ ಇಲ್ಲ." ಓದಿ ನೋಡಿದೆ, ನಿಜ! 300 ಪುಟದಲ್ಲಿ ಒಂದು ಮರಕ್ಕೂ ಹೆಸರಿಲ್ಲ. ಕಾಡಿಗೇ ಹಟ, ಹಸಿವು ಇರುವ ಕಥೆ ಹೇಳಿ.

ಉತ್ತರ 1: ನವೋಮಿ ನೊವಿಕ್ ಅವರ ‘ಅಪ್‌ರೂಟೆಡ್’, 2015ರದ್ದು. ಅಲ್ಲಿ ಕಾಡೇ ಖಳ. ಸಿಕ್ಕವರನ್ನು ಮರದ ತೊಗಟೆಯೊಳಗೆ ಜೀವಂತ ಸೇರಿಸಿಕೊಳ್ಳುತ್ತೆ. ನಾಯಕಿಯ ಮಂತ್ರವೂ ಬಾಯಿಪಾಠದ್ದಲ್ಲ, ಹಾಡು ಗುನುಗಿದ ಹಾಗೆ.

ಉತ್ತರ 2: ಪುಸ್ತಕ ಚೆನ್ನಾಗಿದೆ, ಆದ್ರೆ 13ಕ್ಕೆ ಬೇಡ ಅಕ್ಕ, ದೊಡ್ಡವರ ದೃಶ್ಯಗಳಿವೆ. ಕೆಲ್ಲಿ ಬಾರ್ನ್‌ಹಿಲ್ ಅವರ ‘ದ ಗರ್ಲ್ ಹೂ ಡ್ರ್ಯಾಂಕ್ ದ ಮೂನ್’ ಕೊಡಿ, 2017ರಲ್ಲಿ ಅಮೆರಿಕದ ಮಕ್ಕಳ ಸಾಹಿತ್ಯ ಪ್ರಶಸ್ತಿ ನ್ಯೂಬರಿ ಪದಕ ಬಂತು. ಊರಿನವರು ವರ್ಷಕ್ಕೊಂದು ಕೂಸನ್ನು ಮಾಟಗಾತಿಗೆ ಹೆದರಿ ಕಾಡಲ್ಲಿ ಬಿಡ್ತಾರೆ. ಅವಳೋ ಪಾಪ, ಎತ್ತಿಕೊಂಡು ನಕ್ಷತ್ರದ ಬೆಳಕು ಕುಡಿಸುತ್ತಾ ಕಾಡಿನಾಚೆಯ ಮನೆಗಳಿಗೆ ತಲುಪಿಸ್ತಾಳೆ! ಒಂದು ಮಗುವಿಗೆ ಮಾತ್ರ ಮೈಮರೆತು ಬೆಳದಿಂಗಳು ಕುಡಿಸಿಬಿಡ್ತಾಳೆ. ಮುಂದಿನದು ಹೇಳಲ್ಲ.

ಉತ್ತರ 1: ಹೌದು, ವಯಸ್ಸು ಗಮನಿಸಲಿಲ್ಲ, ಕ್ಷಮಿಸಿ.

ಪ್ರಶ್ನೆ ಕೇಳಿದವರು: ಎರಡೂ ತರಿಸಿದೆ. ಬೆಳದಿಂಗಳಿನದು ಅವಳಿಗೆ. ತೊಗಟೆಯದು ನನ್ನ ದಿಂಬಿನಡಿ, ನಿನ್ನೆ ರಾತ್ರಿ ಎರಡು ಗಂಟೆವರೆಗೂ ದೀಪ ಆರಿಸಲಿಲ್ಲ. ಅವಳಿಗೆ ಗೊತ್ತಾಗಬಾರದು ಅಷ್ಟೇ.