ಹೊಸ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಕೊಳ್ಳುವ ಮೊದಲು ಚಿಕ್ಕ ದೂರದರ್ಶಕದಲ್ಲಿ ಏನೇನು ಸರಿಪಡಿಸಿಕೊಳ್ಳಬಹುದು?

ಪ್ರಶ್ನೆ:
ನನ್ನಲ್ಲಿ 114 ಮಿ.ಮೀ. ಕನ್ನಡಿಯ, 900 ಮಿ.ಮೀ. ಸಂಗಮದೂರದ ನ್ಯೂಟನ್ ಮಾದರಿಯ (ಕೊಳವೆಯ ತಳದ ಪ್ರಧಾನ ಕನ್ನಡಿಯಿಂದ ಬಂದ ಬೆಳಕನ್ನು ಬಾಯಿಯ ಬಳಿಯ ಚಿಕ್ಕ ಓರೆ ಕನ್ನಡಿ ಪಕ್ಕಕ್ಕೆ ತಿರುಗಿಸುವ) ದೂರದರ್ಶಕವಿದೆ. ಚಂದ್ರನ ಕುಳಿಗಳು ಸ್ಪಷ್ಟವಾಗಿ ಕಾಣುತ್ತವೆ. ಆದರೆ 10 ಮಿ.ಮೀ. ಐಪೀಸ್ ಹಾಕಿ 90 ಪಟ್ಟು ವರ್ಧನೆಯಲ್ಲಿ ಗುರುಗ್ರಹವನ್ನು ನೋಡಿದರೆ ಪಟ್ಟೆಗಳು ಮಸುಕಾಗಿರುತ್ತವೆ, ಫೋಕಸ್ ತಿರುಪನ್ನು ಮುಟ್ಟಿದೊಡನೆ ಬಿಂಬವೆಲ್ಲ ನಡುಗುತ್ತದೆ. ಸಮೀಪದಲ್ಲಿ ದೀಪವಿದ್ದರಂತೂ ಹಿನ್ನೆಲೆಯೇ ಬೂದುಬಣ್ಣಕ್ಕೆ ತಿರುಗುತ್ತದೆ. ಇವುಗಳಲ್ಲಿ ಮನೆಯಲ್ಲೇ ಸರಿಪಡಿಸಬಹುದಾದುದು ಯಾವುದು?

ಉತ್ತರ 1:
ಮೂರನ್ನೂ ಸರಿಪಡಿಸಬಹುದು, ಆದರೆ ಕನ್ನಡಿಗಳ ಜೋಡಣೆಯಿಂದಲೇ ಆರಂಭಿಸಿ. ಅದು ತಪ್ಪಿದ್ದರೆ ಎಷ್ಟು ಒಳ್ಳೆಯ ಐಪೀಸ್ ತಂದರೂ ಪ್ರಯೋಜನವಿಲ್ಲ. ಫೋಕಸರ್‌ಗೆ (ಐಪೀಸ್ ಕೂರಿಸುವ ಕಿರುಕೊಳವೆಗೆ) ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಮುಚ್ಚಳದ ನಟ್ಟನಡುವೆ ಸುಮಾರು 2 ಮಿ.ಮೀ. ರಂಧ್ರ ಕೊರೆದು ಅದರ ಮೂಲಕ ನೋಡಿ. ಚಿಕ್ಕ ಕನ್ನಡಿಯಲ್ಲಿ ಪ್ರಧಾನ ಕನ್ನಡಿಯ ಅಂಚು ಪೂರ್ತಿ ಕಾಣುವಂತೆ ಮೊದಲು ಚಿಕ್ಕದನ್ನು ಓರೆಮಾಡಿ, ಆಮೇಲೆ ಪ್ರಧಾನ ಕನ್ನಡಿಯ ಹಿಂಬದಿಯ ಮೂರು ತಿರುಪುಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ರಂಧ್ರದ ಪ್ರತಿಬಿಂಬವನ್ನು ಪ್ರಧಾನ ಕನ್ನಡಿಯ ಕೇಂದ್ರಕ್ಕೆ ತನ್ನಿ. ಕೇಂದ್ರವನ್ನು ಗುರುತಿಸಲು ಕಾಗದದ ಪುಟ್ಟ ಉಂಗುರವೊಂದನ್ನು ಅಂಟಿಸಿಕೊಂಡರೆ ಕೆಲಸ ಸುಲಭವಾಗುತ್ತದೆ. ಕನ್ನಡಿಯನ್ನು ಹಿಡಿದಿರುವ ಕ್ಲಿಪ್ಪುಗಳನ್ನೂ ಪರೀಕ್ಷಿಸಿ: ಅವು ಅತಿಯಾಗಿ ಬಿಗಿದಿದ್ದರೆ ನಕ್ಷತ್ರಗಳು ತ್ರಿಕೋನಾಕಾರವಾಗಿ ಕಾಣಬಹುದು.

ಉತ್ತರ 2:
ನಡುಕಕ್ಕೆ ಹೆಚ್ಚಿನ ಪಾಲು ಕಾರಣ ಹಗುರವಾದ ಟ್ರೈಪಾಡ್. ಕಾಲುಗಳನ್ನು ಪೂರ್ತಿ ಉದ್ದಕ್ಕೆ ಎಳೆಯದೆ, ಕುಳಿತು ನೋಡುವಷ್ಟು ಎತ್ತರಕ್ಕೆ ನಿಲ್ಲಿಸಿ, ನಡುವಿನಿಂದ ಭಾರವಾದ ಚೀಲವೊಂದನ್ನು ತೂಗುಹಾಕಿ. ಟೊಳ್ಳು ಕಾಲುಗಳಿದ್ದರೆ ಒಣ ಮರಳನ್ನು ತುಂಬುವುದು ಇನ್ನೂ ಉತ್ತಮ.

ಬೂದು ಹಿನ್ನೆಲೆಯ ಕಾರಣವನ್ನು ನೀವೇ ಕಣ್ಣಾರೆ ಕಾಣಬಹುದು. ಹಗಲಿನಲ್ಲಿ, ಸೂರ್ಯನಿಂದ ದೂರದ ದಿಕ್ಕಿಗೆ ಕೊಳವೆಯನ್ನು ತಿರುಗಿಸಿ, ಐಪೀಸ್ ತೆಗೆದು ಒಳಗೆ ನೋಡಿ. ಚಿಕ್ಕ ಕನ್ನಡಿಯ ಸುತ್ತ, ಫೋಕಸರ್‌ನ ಎದುರಿನ ಗೋಡೆ ಕಪ್ಪು ಬಣ್ಣ ಬಳಿದಿದ್ದರೂ ಹೊಳೆಯುತ್ತಿರುತ್ತದೆ, ಏಕೆಂದರೆ ಬಹುತೇಕ ಕಪ್ಪು ಬಣ್ಣಗಳು ಓರೆಯಾಗಿ ಬಿದ್ದ ಬೆಳಕನ್ನು ಚೆನ್ನಾಗಿಯೇ ಪ್ರತಿಫಲಿಸುತ್ತವೆ. ಅಲ್ಲಿ ಮಖಮಲ್ಲಿನಂಥ ಮೇಲ್ಮೈಯ ಕಪ್ಪು ಕಾಗದ ಅಂಟಿಸಿ. ಇಡೀ ಕೊಳವೆಗೆ ಅಂಟಿಸಬೇಕಾದ ಅಗತ್ಯವಿಲ್ಲ, ಎದುರು ಭಾಗವೊಂದೇ ಬಹಳಷ್ಟು ವ್ಯತ್ಯಾಸ ತರುತ್ತದೆ. ಕೊಳವೆಯ ಬಾಯಿಗೆ ಹೊರಗಿನಿಂದ ಕಪ್ಪು ಹಾಳೆಯೊಂದನ್ನು ಸುತ್ತಿ, ಕೊಳವೆಯ ವ್ಯಾಸದ ಒಂದೂವರೆ ಪಟ್ಟಿನಷ್ಟು ಮುಂದಕ್ಕೆ ಚಾಚಿದರೆ ಅಕ್ಕಪಕ್ಕದ ದೀಪಗಳ ಬೆಳಕೂ ತಡೆಯುತ್ತದೆ, ಇಬ್ಬನಿಯೂ ತಡವಾಗಿ ಕೂರುತ್ತದೆ.

ಪ್ರಶ್ನೆ ಕೇಳಿದವರು:
ವಿವರಗಳಿಗೆ ಕೃತಜ್ಞತೆಗಳು. ಕನ್ನಡಿಯ ಮೇಲೆಯೇ ಕಾಗದದ ಉಂಗುರ ಅಂಟಿಸಿದರೆ ಬಿಂಬ ಕೆಡುವುದಿಲ್ಲವೇ?

ಉತ್ತರ 1:
ಕೆಡುವುದಿಲ್ಲ. ಪ್ರಧಾನ ಕನ್ನಡಿಯ ನಡುಭಾಗ ಹೇಗಿದ್ದರೂ ಚಿಕ್ಕ ಕನ್ನಡಿಯ ನೆರಳಿನಲ್ಲಿರುವುದರಿಂದ ಅಲ್ಲಿಗೆ ನಕ್ಷತ್ರದ ಬೆಳಕು ತಲುಪುವುದೇ ಇಲ್ಲ. ಉಂಗುರ ಅಂಟಿಸುವಾಗ ಕನ್ನಡಿಯ ಮೇಲ್ಮೈಗೆ ಬೆರಳು ತಾಗದಂತೆ ನೋಡಿಕೊಳ್ಳಿ. ಧೂಳು ಕಂಡಿತೆಂದು ಬಟ್ಟೆಯಿಂದ ಒರೆಸಲು ಮಾತ್ರ ಹೋಗಬೇಡಿ, ಏಕೆಂದರೆ ತೆಳುವಾದ ಅಲ್ಯೂಮಿನಿಯಂ ಲೇಪಕ್ಕೆ ಧೂಳಿಗಿಂತ ಆ ಒರೆಸುವಿಕೆಯೇ ಹೆಚ್ಚು ಹಾನಿಮಾಡುತ್ತದೆ.

ಉತ್ತರ 3:
ಮೇಲಿನವೆಲ್ಲ ಸರಿ. ಆದರೆ ದೂರದರ್ಶಕವನ್ನು ಹೊರಗೆ ತಂದ ಕೂಡಲೇ ಗುರುವನ್ನು ನೋಡುತ್ತಿದ್ದರೆ, ಮಸುಕಿಗೆ ಕನ್ನಡಿಯ ಬಿಸಿಯೂ ಕಾರಣವಿರಬಹುದು. ಬೆಚ್ಚಗಿನ ಗಾಜಿನಿಂದ ಏಳುವ ಗಾಳಿ ಕೊಳವೆಯೊಳಗೆ ಸುಳಿಯುತ್ತಿರುವಾಗ ಪಟ್ಟೆಗಳು ಬಿಡಿಯಾಗಿ ಕಾಣುವುದಿಲ್ಲ. ಅರ್ಧ ಗಂಟೆ ಮೊದಲೇ ಹೊರಗಿಟ್ಟು ನೋಡಿ, ಜೋಡಣೆಯನ್ನು ಆ ಬಳಿಕವೇ ಪರೀಕ್ಷಿಸಿ.