ಅಪ್ಪನ ಮುನ್ನೂರು ಡಿಸ್ಕ್ ಗುಜರಿಗೆ ಹಾಕಲಾ, ಪ್ಲೇಯರ್ ರಿಪೇರಿ ಮಾಡಿಸಲಾ?

ಪಿಜೆ_ಬಡಾವಣೆ_ಹುಡುಗ (ದಾವಣಗೆರೆ)

ನಮಸ್ಕಾರ. ಮನೆಯಲ್ಲಿ ಸಣ್ಣ ಜಗಳ ನಡೆದಿದೆ, ತೀರ್ಪು ನೀವೇ ಹೇಳಿ.

ಅಪ್ಪನ ಹತ್ತಿರ ಸುಮಾರು ಮುನ್ನೂರು ಸಿನಿಮಾ ಡಿಸ್ಕ್ ಇವೆ. ಅರ್ಧಕ್ಕರ್ಧ ವಿಸಿಡಿ, ಉಳಿದದ್ದು ಡಿವಿಡಿ. ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಬ್ಲೂರೇ ಡಿಸ್ಕ್ ಒಂದೂ ಇಲ್ಲ. 2007ರ ಸುಮಾರಿಗೆ ಡಿಸ್ಕ್ ಕಂಪನಿ ಮೋಸರ್ ಬೇಯರ್‌ನವರು ವಿಸಿಡಿ 28 ರೂಪಾಯಿಗೆ, ಡಿವಿಡಿ 34 ರೂಪಾಯಿಗೆ ಕೊಡೋಕೆ ಶುರು ಮಾಡಿದ್ದರಲ್ಲ, ಆಗ ಅಪ್ಪ ಸಂತೆಗೆ ಹೋದ ಹಾಗೆ ಹೋಗಿ ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದರು. ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಸಿನಿಮಾ. ಮೊದಲನೇ ಡಿಸ್ಕ್ ಮುಗಿದು ಎರಡನೆಯದು ಹಾಕುವ ಹೊತ್ತಿಗೆ ಅಮ್ಮ ಮಂಡಕ್ಕಿ ತರುತ್ತಿದ್ದರು, ಅದೇ ಇಂಟರ್ವಲ್.

ಹೋದ ವಾರ ಪ್ಲೇಯರ್ ಟ್ರೇ ಹೊರಗೆ ಬರುವುದು ನಿಂತಿತು. ಬಟನ್ ಒತ್ತಿದರೆ ಒಳಗೆ ಗುರ್ ಅನ್ನುತ್ತೆ, ಅಷ್ಟೇ. ನಾನು ಹೇಳಿದೆ, ಮನೆಗೆ ಫೈಬರ್ ಬಂದಿದೆ, ಸ್ಮಾರ್ಟ್ ಟಿವಿ ಇದೆ, ಎರಡು ಆಪ್‌ಗೆ ದುಡ್ಡು ಕಟ್ಟುತ್ತಿದ್ದೇವೆ, ಇನ್ನು ಈ ಕಪಾಟು ಯಾಕೆ ಅಂತ. ಅಪ್ಪ ಜಗಳ ಆಡಲಿಲ್ಲ. "ಇದರಲ್ಲಿ ಇಪ್ಪತ್ತು ಸಿನಿಮಾ ನಿನ್ನ ಟಿವಿಯಲ್ಲಿ ತೋರಿಸು ನೋಡೋಣ" ಅಂದರು.

ಕೈಗೆ ಸಿಕ್ಕ ಇಪ್ಪತ್ತು ತೆಗೆದು ಕೂತು ಹುಡುಕಿದೆ. ದುಡ್ಡು ಕಟ್ಟಿದ ಆಪ್‌ಗಳಲ್ಲಿ ನಾಲ್ಕು ಸಿಕ್ಕವು. ಯೂಟ್ಯೂಬಿನಲ್ಲಿ ಒಂಬತ್ತು, ಅದರಲ್ಲೂ ಒಂದೆರಡರಲ್ಲಿ ಹಾಡು ಶುರುವಾದ ಕೂಡಲೇ ಸದ್ದು ಬಂದ್. ಉಳಿದ ಏಳು ಎಲ್ಲೂ ಇಲ್ಲ. ಎಲ್ಲ ಎಂಬತ್ತು, ತೊಂಬತ್ತರ ದಶಕದ ಕನ್ನಡ ಸಿನಿಮಾಗಳು. ಅಪ್ಪ ಏನೂ ಅನ್ನದೆ ಪೇಪರ್ ಓದೋಕೆ ಹೋದರು, ಅದು ಇನ್ನೂ ಬೇಜಾರು.

ನನ್ನ ಪ್ರಶ್ನೆ ಇಷ್ಟೇ. ಈ ಕಾಲದಲ್ಲಿ ಡಿಸ್ಕ್ ಇಟ್ಟುಕೊಳ್ಳುವುದರಲ್ಲಿ ಅರ್ಥ ಇದೆಯಾ? ಪ್ಲೇಯರ್‌ಗೆ ದುಡ್ಡು ಹಾಕಬಹುದಾ? ಹೊಸ ಟಿವಿಯ ಹಿಂದೆ ಹಳದಿ-ಕೆಂಪು-ಬಿಳಿ ಪಿನ್ನಿನ ತೂತೇ ಇಲ್ಲ, ಅದೊಂದು ತಲೆನೋವು. ಗೀರು ಬಿದ್ದವು ಅಂತ ಕೆಲವನ್ನು ಅಮ್ಮ ಆಗಲೇ ಟೆರೇಸ್ ಮೇಲೆ ದಾರ ಕಟ್ಟಿ ನೇತುಹಾಕಿದ್ದಾರೆ. ಒಣಗಲು ಹಾಕಿದ ಕಾಳಿಗೆ ಪಾರಿವಾಳ ಬರಬಾರದು ಅಂತ.

ಕೋಟೆ_ಬಾಗಿಲು (ಚಿತ್ರದುರ್ಗ)

ಬೇಜಾರು ಮಾಡಿಕೊಳ್ಳಬೇಡ ಗುರು, ನೇರವಾಗಿ ಹೇಳುತ್ತೇನೆ. ನೋಡೋಕೆ ಅಂತ ಆದರೆ ಆ ಡಿಸ್ಕ್‌ಗಳ ಕಾಲ ಮುಗಿದಿದೆ.

ಜನ "ಡಿಸ್ಕ್ ಕ್ವಾಲಿಟಿ ಮುಂದೆ ಸ್ಟ್ರೀಮಿಂಗ್ ಏನೂ ಅಲ್ಲ" ಅನ್ನುತ್ತಾರಲ್ಲ, ಅದು ಬ್ಲೂರೇ ಮಾತು. ವಿಸಿಡಿಯ ಚಿತ್ರ ಬರೀ 352 ಅಡ್ಡ, 288 ಉದ್ದ ಚುಕ್ಕಿ. ಡಿವಿಡಿ 720ಕ್ಕೆ 576. ಈಗಿನ ಸಾಧಾರಣ ಎಚ್‌ಡಿ ಸ್ಟ್ರೀಮಿಂಗ್ 1920ಕ್ಕೆ 1080. 43 ಇಂಚಿನ ಟಿವಿಯಲ್ಲಿ ವಿಸಿಡಿ ಹಾಕಿದರೆ ನಾಯಕನ ಮುಖ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತದೆ. ಟಿವಿ ಸೆಟ್ಟಿಂಗ್ ಸರಿ ಮಾಡದಿದ್ದರೆ ಚಿತ್ರ ಅಡ್ಡಡ್ಡ ಎಳೆದು, ಸಣಕಲು ನಾಯಕಿಯೂ ದಪ್ಪ.

ಬ್ಲೂರೇ ಬೇರೆ ಲೆಕ್ಕ. ಅದರಲ್ಲಿ ಚಿತ್ರಕ್ಕೆ ಸೆಕೆಂಡಿಗೆ 40 ಮೆಗಾಬಿಟ್ ಮಾಹಿತಿ ತನಕ ಜಾಗ ಇದೆ. ನೆಟ್‌ಫ್ಲಿಕ್ಸ್‌ನವರು 4ಕೆಗೆ, ಅಂದರೆ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿಯ ಚಿತ್ರಕ್ಕೆ, ಕೇಳುವುದೇ 15 ಮೆಗಾಬಿಟ್ ಸ್ಪೀಡು, ಮಾಮೂಲಿ ಎಚ್‌ಡಿಗೆ 5. ಸ್ಟ್ರೀಮಿಂಗ್‌ನಲ್ಲಿ ಚಿತ್ರದ ಮಾಹಿತಿಯನ್ನು ಹೊಸ ರೀತಿ ಹಿಂಡಿ ಚಿಕ್ಕದು ಮಾಡುವುದರಿಂದ ಕಮ್ಮಿಯಲ್ಲೇ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಕತ್ತಲೆ ಸೀನ್ ಬಂದರೆ ಕಪ್ಪೆಲ್ಲ ಚೌಕ ಚೌಕ ಆಗುವುದು ನೋಡಿರುತ್ತೀಯ. ಬ್ಲೂರೇಯಲ್ಲಿ ಆ ಕಾಟ ತೀರಾ ಕಮ್ಮಿ, ಸೌಂಡ್ ಕೂಡ ಒಂದು ಕೈ ಮೇಲೆ. ಏನು ಮಾಡೋದು, ನಮ್ಮ ಹಳೇ ಕನ್ನಡ ಸಿನಿಮಾ ಬ್ಲೂರೇಯಲ್ಲಿ ಹುಡುಕಿದರೆ ಕೈಗೆ ಸಿಗೋದು ಅಷ್ಟರಲ್ಲೇ ಇದೆ.

ನಮ್ಮೂರ ಉದಾಹರಣೆ ಹೇಳುತ್ತೇನೆ. 1972ರ 'ನಾಗರಹಾವು' ಇಲ್ಲೇ ನಮ್ಮ ಕೋಟೆಯಲ್ಲಿ ತೆಗೆದದ್ದು. ಚಿಕ್ಕಂದಿನಿಂದ ವಿಸಿಡಿಯಲ್ಲೇ ನೋಡಿದ್ದೆ. ಅದರಲ್ಲಿ ಬಂಡೆ ಯಾವುದು, ಆಕಾಶ ಯಾವುದು ಗೊತ್ತಾಗುತ್ತಿರಲಿಲ್ಲ, ಎಲ್ಲ ಒಂದೇ ಉಪ್ಪಿಟ್ಟು. 2018ರಲ್ಲಿ ಹೊಸದಾಗಿ ಡಿಜಿಟಲ್ ಮಾಡಿ ಥಿಯೇಟರಿಗೆ ಬಿಟ್ಟರಲ್ಲ, ಆಗ ನೋಡಿದಾಗ ಕಲ್ಲಿನ ಬಿರುಕು ಕೂಡ ಕಂಡಿತು. ದಿನಾ ಕಾಣೋ ಕೋಟೆಯನ್ನೇ ಮೊದಲ ಸಲ ನೋಡಿದ ಹಾಗಾಯಿತು. ನಮಗೆ ಬೇಕಿರುವುದು ಅಂಥ ಕೆಲಸ, ಗೀರು ಬಿದ್ದ ವಿಸಿಡಿ ಅಲ್ಲ.

ಚಳ್ಳಕೆರೆ_ಶೇಂಗಾ

ಕೋಟೆ ಬಾಗಿಲು ಹೇಳಿದ್ದು ಒಪ್ಪುತ್ತೇನೆ, ಆದರೆ ಅರ್ಧ. ಎಲ್ಲೂ ಸಿಗದ ಆ ಏಳು ಸಿನಿಮಾದ ಬಗ್ಗೆ ಅವರು ಮಾತೇ ಆಡಲಿಲ್ಲ ನೋಡಿ. ಸಿಗದ ಸಿನಿಮಾಕ್ಕೆ 4ಕೆ ತಗೊಂಡು ಏನು ಮಾಡೋದು?

ಆಪ್‌ನಲ್ಲಿ ಸಿನಿಮಾ ಇರುವುದು ಬಾಡಿಗೆ ಮನೆಯಲ್ಲಿ ಇದ್ದ ಹಾಗೆ. ಆಪ್‌ನವರು ನಿರ್ಮಾಪಕರ ಹತ್ತಿರ ಇಷ್ಟು ವರ್ಷಕ್ಕೆ ಅಂತ ಹಕ್ಕು ತಗೊಂಡಿರುತ್ತಾರೆ. ಕರಾರು ಮುಗಿದರೆ ಸಿನಿಮಾ ಎದ್ದು ಹೋಗುತ್ತದೆ, ನಿಮಗೆ ಹೇಳಿ ಹೋಗಲ್ಲ. ನಾನು ಒಂದು ಹಳೇ ಸಿನಿಮಾ ಅರ್ಧ ನೋಡಿ, ಉಳಿದದ್ದು ಭಾನುವಾರ ನೋಡೋಣ ಅಂತ ಇಟ್ಟಿದ್ದೆ. ಭಾನುವಾರ ಬಂತು, ಸಿನಿಮಾ ಇಲ್ಲ. ಕ್ಲೈಮ್ಯಾಕ್ಸಿನಲ್ಲಿ ಏನಾಯಿತು ಅಂತ ನಮ್ಮ ಚಿಕ್ಕಮ್ಮನನ್ನು ಕೇಳಿ ತಿಳಿದುಕೊಂಡೆ.

"ಖರೀದಿಸಿ" ಅನ್ನೋ ಬಟನ್ ಒತ್ತಿ ಕೊಂಡರೂ ಅದು ನಮ್ಮದಲ್ಲ, ನೋಡುವ ಲೈಸೆನ್ಸ್ ಅಷ್ಟೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೇ ಕಾನೂನು ಮಾಡಿದ್ದಾರೆ. 2025ರ ಜನವರಿಯಿಂದ ಅಲ್ಲಿ ಡಿಜಿಟಲ್ ಸಿನಿಮಾ, ಗೇಮ್ ಮಾರುವವರು ಇದು ಬರೀ ಲೈಸೆನ್ಸ್ ಅಂತ ಕೊಳ್ಳುವವರಿಗೆ ತಿಳಿಸಬೇಕು. ಕಾನೂನೇ ಬೇಕಾಯಿತು ಅಂದರೆ ಎಷ್ಟು ಜನ ಟೋಪಿ ಹಾಕಿಸಿಕೊಂಡಿರಬೇಕು ಅಲ್ವಾ.

ಇನ್ನೊಂದು. ಪ್ಲೇಯರ್ ವಿಷಯದಲ್ಲಿ ಜಾಸ್ತಿ ತಡ ಮಾಡಬೇಡಿ. ಸ್ಯಾಮ್‌ಸಂಗ್ 2019ರಲ್ಲೇ ಅಮೆರಿಕದಲ್ಲಿ ಹೊಸ ಬ್ಲೂರೇ ಪ್ಲೇಯರ್ ತರುವುದು ನಿಲ್ಲಿಸಿತು, 2024ರ ಕೊನೆಗೆ ಎಲ್‌ಜಿಯೂ ಕೈ ಬಿಟ್ಟಿತು. ಡಿಸ್ಕ್ ಅಂಚೆಯಲ್ಲಿ ಕಳಿಸುತ್ತಲೇ ಬೆಳೆದ ನೆಟ್‌ಫ್ಲಿಕ್ಸ್ ಕೂಡ 2023ರ ಸೆಪ್ಟೆಂಬರಿನಲ್ಲಿ ಆ ಕೆಲಸ ಮುಗಿಸಿತು. ಡಿಸ್ಕ್ ಇದ್ದು ಓಡಿಸೋಕೆ ಯಂತ್ರ ಇಲ್ಲದಿದ್ದರೆ, ಅದು ಪಾರಿವಾಳ ಓಡಿಸೋಕೇ ಸರಿ.

ನಮ್ಮ ಕಡೆ ಜೋರು ಗಾಳಿ ಬಂದರೆ ಕೇಬಲ್ ಹರಿದು ಬೀಳುತ್ತೆ, ಎರಡು ದಿನ ನೆಟ್ ಇರಲ್ಲ. ಆಗ ಡಿಸ್ಕೇ ಗತಿ.

ಕೋಟೆ_ಬಾಗಿಲು (ಚಿತ್ರದುರ್ಗ)

ಅಂಥ ಗಾಳಿಗೆ ಕರೆಂಟೂ ಹೋಗುತ್ತೆ ಗುರುವೇ. ಡಿಸ್ಕ್ ಏನು ಸೀಮೆಎಣ್ಣೆಯಲ್ಲಿ ಓಡುತ್ತಾ?

ಚಳ್ಳಕೆರೆ_ಶೇಂಗಾ

ಯುಪಿಎಸ್ ಇದೆ ಸ್ವಾಮಿ ನಮ್ಮ ಮನೆಯಲ್ಲಿ.

ಸೋಲ್ಡರ್_ಕೈ (ಹಳೇ ದಾವಣಗೆರೆ)

ಇಬ್ಬರೂ ಆಮೇಲೆ ಜಗಳ ಆಡಿ, ಮೊದಲು ಟ್ರೇ ನೋಡೋಣ. ಹನ್ನೊಂದು ವರ್ಷ ರಿಪೇರಿ ಅಂಗಡಿಯಲ್ಲಿ ಇದೇ ಕೆಲಸ ಮಾಡಿದ್ದೇನೆ.

ಮೋಟಾರ್ ಗುರ್ ಅಂದು ಟ್ರೇ ಬರುತ್ತಿಲ್ಲ ಅಂದರೆ ಹತ್ತರಲ್ಲಿ ಒಂಬತ್ತು ಸಲ ಬೆಲ್ಟು. ಒಳಗೆ ಬಳೆಗಿಂತ ಚಿಕ್ಕದೊಂದು ರಬ್ಬರ್ ಬೆಲ್ಟ್ ಇರುತ್ತದೆ, ವರ್ಷ ಆದ ಮೇಲೆ ಅದು ಸಡಿಲ ಆಗಿ ಜಾರುತ್ತದೆ. ಕೈಯಲ್ಲಿ ಹಿಡಿದರೆ ಮೇಣದ ಹಾಗೆ ಅಂಟಂಟು. ಮುಚ್ಚಳ ಬಿಚ್ಚಿ ಬೇರೆ ಹಾಕಿದರೆ ಮುಗಿಯಿತು, ಹದಿನೈದು ನಿಮಿಷದ ಕೆಲಸ. ಹಾಗೇ ಲೆನ್ಸ್ ಮೇಲಿನ ಧೂಳನ್ನೂ ಒರೆಸಿಸಿ. ನಮ್ಮೂರ ಧೂಳು ಗೊತ್ತಲ್ಲ, ಮುಚ್ಚಳ ತೆಗೆದರೆ ಒಳಗೆ ಹೊಲ ಇರುತ್ತದೆ. ಟಿವಿಗೆ ಪಿನ್ ಇಲ್ಲದಿದ್ದರೆ ಆ ಮೂರು ಬಣ್ಣದ ಎವಿ ಪಿನ್ನಿನಿಂದ ಹೊಸ ಟಿವಿಯ ಎಚ್‌ಡಿಎಂಐ ಮಾಡುವ ಸಣ್ಣ ಡಬ್ಬಿ ಸಿಗುತ್ತದೆ. ಒಂದು ಎಚ್ಚರ, ಮನೆಯಲ್ಲಿ ವಿಸಿಡಿ ಇರುವುದು ಮರೆತು ಬ್ಲೂರೇ ಪ್ಲೇಯರ್ ತಂದೀರಿ, ಎಲ್ಲ ಬ್ಲೂರೇ ಪ್ಲೇಯರೂ ವಿಸಿಡಿ ಓಡಿಸಲ್ಲ.

ಈಗ ಡಿಸ್ಕ್. ಎಲ್ಲರೂ ಹೊಳೆಯುವ ಕಡೆ ಗೀರು ನೋಡಿ ಗಾಬರಿ ಆಗುತ್ತಾರೆ. ವಿಸಿಡಿ ಅಂದರೆ ಮಾಮೂಲಿ ಸಿಡಿಯೇ. ಅದರಲ್ಲಿ ಮಾಹಿತಿ ಇರುವುದು ಹೆಸರು ಬರೆದ ಮೇಲಿನ ಕಡೆಗೆ ಹತ್ತಿರ, ಆ ಹೆಸರಿನ ಅಚ್ಚಿನ ಕೆಳಗೇ. ಕೆಳಗಡೆ ಗೀರು ಬಿದ್ದರೆ ಎಷ್ಟೋ ಸಲ ಓದುತ್ತದೆ. ಮೇಲ್ಗಡೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದಿದ್ದರೆ, ಸ್ಟಿಕರ್ ಕಿತ್ತಿದ್ದರೆ, ಅಲ್ಲಿಗೆ ಮುಗಿಯಿತು. ಡಿವಿಡಿಯಲ್ಲಿ ಮಾಹಿತಿ ಎರಡು ಪದರದ ನಡುವೆ ಇರುವುದರಿಂದ ಆ ಭಯ ಕಮ್ಮಿ. ಒರೆಸುವಾಗ ಹಳೇ ಬನಿಯನ್ ಬಟ್ಟೆ ತಗೊಂಡು ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ತಿರುಗಿಸಬೇಡಿ. ಟೂತ್‌ಪೇಸ್ಟ್ ಹಚ್ಚೋರು ದಯವಿಟ್ಟು ಹಲ್ಲಿಗೆ ಹಚ್ಚಿ.

ಅಂಗಡಿಯ ವಿಸಿಡಿಗೆ ಸಾಮಾನ್ಯವಾಗಿ ನಕಲು ತಡೆಯುವ ಲಾಕ್ ಇರಲ್ಲ. ಕಂಪ್ಯೂಟರಿಗೆ ಹಾಕಿ ತೆರೆದರೆ ಎಂಪೆಗ್‌ಎವಿ ಅಂತ ಒಂದು ಫೋಲ್ಡರ್, ಅದರೊಳಗೆ ಡ್ಯಾಟ್ ಫೈಲ್. ಅದೇ ಸಿನಿಮಾ, ವಿಎಲ್‌ಸಿ ಅನ್ನೋ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಸೀದಾ ಓಡುತ್ತದೆ. ಎಲ್ಲೂ ಸಿಗದ ಆ ಏಳನ್ನು ಮನೆಯ ಮಟ್ಟಿಗೆ ಹಾರ್ಡ್ ಡಿಸ್ಕಿಗೆ ಹಾಕಿಡಿ, ಊರಿಗೆಲ್ಲ ಹಂಚಬೇಡಿ. ಸಿನಿಮಾ ಡಿವಿಡಿಗೆ ಎಷ್ಟೋ ಸಲ ಲಾಕ್ ಇರುತ್ತದೆ, ಅದನ್ನು ಒಡೆಯುವುದು ಕಾನೂನಿನ ತಕರಾರು, ನಾನು ಹೇಳಿಕೊಡಲ್ಲ.

ಆದರೆ ಸಿನಿಮಾಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಮದುವೆ, ನಾಮಕರಣ, ಗೃಹಪ್ರವೇಶದ ಸಿಡಿ ಇವೆಯಾ ನೋಡಿ. ಸಿನಿಮಾ ಡಿಸ್ಕ್ ಕಾರ್ಖಾನೆಯಲ್ಲಿ ಅಚ್ಚು ಒತ್ತಿದ್ದು, ಕೆಳಗೆ ಬೆಳ್ಳಿ ಬಣ್ಣ. ಫೋಟೋಗ್ರಾಫರ್ ಕೊಟ್ಟಿದ್ದು ರೈಟ್ ಮಾಡಿದ್ದು, ಕೆಳಗೆ ತಿರುಗಿಸಿದರೆ ಹಸಿರು, ನೀಲಿ, ಇಲ್ಲ ನೇರಳೆ ಛಾಯೆ ಕಾಣುತ್ತದೆ. ಅದು ಬಣ್ಣದ ಪದರ, ಅದರ ಮೇಲೇ ಲೇಸರ್ ಸುಟ್ಟು ಬರೆದಿರುತ್ತದೆ. ಬಿಸಿಲು, ಸೆಕೆ ತಾಗಿದರೆ ಬಣ್ಣ ಮಾಸುತ್ತದೆ, ಬರೆದದ್ದೂ ಹೋಗುತ್ತದೆ. ಸಿನಿಮಾ ಇವತ್ತಲ್ಲ ನಾಳೆ ಎಲ್ಲಾದರೂ ಬಂದೀತು. ನಿಮ್ಮ ಮನೆ ಮದುವೆ ಯಾವ ಆಪ್‌ನಲ್ಲೂ ಬರಲ್ಲ.

ಪಿಜೆ_ಬಡಾವಣೆ_ಹುಡುಗ (ದಾವಣಗೆರೆ)

ಎಲ್ಲರಿಗೂ ಥ್ಯಾಂಕ್ಸ್. ಸೋಲ್ಡರ್ ಕೈ ಅಣ್ಣ, ನೀವು ಹೇಳಿದ್ದೇ ಸರಿ, ಬೆಲ್ಟ್ ಅಂಟಿಕೊಂಡಿತ್ತು. ಇಂದು ಸಂಜೆ ಹಾಕಿಸಿಕೊಂಡು ಬಂದೆವು. ಟ್ರೇ ಹೊರಗೆ ಬಂದ ಕೂಡಲೇ ಅಪ್ಪ ಡಿಸ್ಕಿನ ಅಂಚು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ಒಮ್ಮೆ ಓರೆ ಮಾಡಿ ನೋಡಿ, ಉಫ್ ಅಂತ ಊದಿ ಇಟ್ಟರು. ಆಪ್ ಹಾಕಿಕೊಡು ಅಂತ ದಿನಾ ನನ್ನನ್ನು ಕರೆಯುವ ಮನುಷ್ಯ ಇದನ್ನು ಕಣ್ಣು ಮುಚ್ಚಿ ಮಾಡುತ್ತಾರೆ. ಚಿತ್ರ ಕೋಟೆ ಬಾಗಿಲು ಹೇಳಿದ ಹಾಗೇ ಇದೆ, ಇಟ್ಟಿಗೆ ಇಟ್ಟಿಗೆ. ಅಪ್ಪನಿಗೆ ಅದು ಕಾಣುತ್ತಲೇ ಇಲ್ಲ.

ಹೀಗೆ ತೀರ್ಮಾನ ಆಯಿತು. ಯೂಟ್ಯೂಬಲ್ಲೋ ಆಪಲ್ಲೋ ಚೆನ್ನಾಗಿ ಸಿಗುವ ಸಿನಿಮಾದ ಡಿಸ್ಕ್ ಗಂಟು ಕಟ್ಟಿ ಅಟ್ಟಕ್ಕೆ. ಗುಜರಿಗೆ ಬೇಡ ಅಂತ ಅಪ್ಪ ಹಠ ಹಿಡಿದರು, ಸರಿ ಅಂದೆ. ಎಲ್ಲೂ ಸಿಗದವು ಕಪಾಟಿನಲ್ಲೇ ಇರುತ್ತವೆ, ಅದರಲ್ಲಿ ವಿಸಿಡಿಗಳನ್ನು ಒಂದೊಂದಾಗಿ ಹಾರ್ಡ್ ಡಿಸ್ಕಿಗೆ ಹಾಕುತ್ತಿದ್ದೇನೆ. ಎರಡು ಆಪ್‌ನಲ್ಲಿ ಒಂದನ್ನು ಬಿಡಿಸುತ್ತಿದ್ದೇವೆ, ಯಾರೂ ನೋಡುತ್ತಿರಲಿಲ್ಲ.

ಮದುವೆ ಸಿಡಿ ಹುಡುಕಿದೆ. 2008ರ ಅಕ್ಕನ ಮದುವೆದು ಮೂರು ಡಿಸ್ಕ್ ಇರಬೇಕಿತ್ತು. ಕವರಿನಲ್ಲಿ ಇದ್ದದ್ದು ಎರಡು, ದೇವರು ತರುವುದು ಮತ್ತು ಊಟದ ಪಂಕ್ತಿ. ಧಾರೆ ಇರುವ ಡಿಸ್ಕೇ ಇಲ್ಲ. ಮನೆಯೆಲ್ಲ ತಡಕಿದ ಮೇಲೆ ಅನುಮಾನ ಬಂದು ಟೆರೇಸಿಗೆ ಹೋದೆ. ನೀರಿನ ಟ್ಯಾಂಕಿನ ಪಕ್ಕ, ದಾರದಲ್ಲಿ, ಗಾಳಿಗೆ ಗಿರಗಿರ ತಿರುಗುತ್ತಿತ್ತು. ಕೆಳಗಡೆ ಹಸಿರು ಛಾಯೆ, ಒಂದು ಕಡೆ ಮಾತ್ರ ಬೆಳ್ಳಗಾಗಿದೆ.

ಅಮ್ಮ "ಅದು ಖಾಲಿ ಸಿಡಿ ಅಂದುಕೊಂಡೆ ಕಣೋ, ಹೆಸರೇ ಬರೆದಿರಲಿಲ್ಲ" ಅನ್ನುತ್ತಿದ್ದಾರೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಸೋಲ್ಡರ್ ಕೈ ಅಣ್ಣ, ಎರಡು ಬೇಸಿಗೆ ಬಿಸಿಲಲ್ಲಿ ಇದ್ದ ಸಿಡಿ ಓದುವ ಛಾನ್ಸ್ ಇದೆಯಾ? ನಾಳೆ ಅಂಗಡಿ ಕಡೆ ತರಲಾ?