ಕನ್ನಡದ ಪದವರ್ಗ ಟ್ಯಾಗರ್‌ಗೆ ಯಾವ ಫೀಚರ್ ಕೊಡಬೇಕು?

ಪ್ರಶ್ನೆ, ಶಿವಮೊಗ್ಗದಿಂದ: ಅಡಿಕೆ ಮಾರುಕಟ್ಟೆ ಮತ್ತು ಮಳೆಯ ವರದಿಗಳ ವಾಕ್ಯಗಳಿಗೆ ಕೈಯಾರೆ ನಾಮಪದ, ಕ್ರಿಯಾಪದ ಎಂದು ಗುರುತು ಹಾಕಿ, ಪೈಥಾನ್‌ನ ಭಾಷಾ ಸಂಸ್ಕರಣೆಯ ಎನ್‌ಎಲ್‌ಟಿಕೆ ಲೈಬ್ರರಿಯ ಸಿಆರ್‌ಎಫ್ ಟ್ಯಾಗರ್‌ಗೆ (ಗುರುತು ಹಾಕಿದ ವಾಕ್ಯಗಳಿಂದ ಕಲಿತು, ಹೊಸ ವಾಕ್ಯದ ಪದಗಳಿಗೆ ತಾನೇ ಪದವರ್ಗ ಹಚ್ಚುವ ಸಾಧನ) ತರಬೇತಿ ಕೊಟ್ಟಿದ್ದೇನೆ. ಹೊಸ ಪದ ಬಂತೆಂದರೆ ತಪ್ಪುತ್ತದೆ. ಫೀಚರ್‌ಗಳನ್ನು, ಅಂದರೆ ಗುರುತು ಊಹಿಸಲು ಯಂತ್ರ ನೋಡುವ ಪದದ ಲಕ್ಷಣಗಳನ್ನು, ಬದಲಿಸಿಕೊಂಡವರು ದಯವಿಟ್ಟು ಅನುಭವ ತಿಳಿಸಿ.

ತೀರ್ಥಹಳ್ಳಿಯಿಂದ: ಮೊದಲು ಆ ಟ್ಯಾಗರ್ ತಾನಾಗಿಯೇ ಏನೇನು ನೋಡುತ್ತದೆ ಎಂದು ಓದಿಕೊಳ್ಳಿ. ಪದ, ಅದರ ಮೊದಲಕ್ಷರ ಇಂಗ್ಲಿಷಿನಂತೆ ದೊಡ್ಡಕ್ಷರವೇ (ಕ್ಯಾಪಿಟಲ್), ಅಂಕಿ ಇದೆಯೇ, ವಿರಾಮಚಿಹ್ನೆಯೇ, ಕೊನೆಯ ಮೂರರವರೆಗಿನ ಸಂಕೇತಗಳು. ಅಷ್ಟೇ. ದೊಡ್ಡಕ್ಷರ ನಮ್ಮ ಲಿಪಿಯಲ್ಲಿ ಇಲ್ಲವೇ ಇಲ್ಲ, ಅದನ್ನು ತೆಗೆದುಹಾಕಿ.

ನಿಜವಾದ ತೊಂದರೆ ಇರುವುದು ಪದದ ಬಾಲದಲ್ಲಿ. ಮೂರು ಎಂದರೆ ಮೂರು ಅಕ್ಷರವಲ್ಲ, ಮೂರು ಯೂನಿಕೋಡ್ ಸಂಕೇತ. ಗುಣಿತದ ಚಿಹ್ನೆಯೂ ಒಂದು, ಒತ್ತಿಗೆ ಮುಂಚಿನ ಹಲಂತವೂ ಒಂದು. ‘ಮಾಡುತ್ತೇನೆ’ ಪದದ ಕೊನೆಯ ಮೂರು ಯಾವುವು? ಏತ್ವ, ನ, ಎತ್ವ. ‘ಸೇನೆ’ಗೂ ಅವೇ ಮೂರು! ಕ್ರಿಯಾಪದಕ್ಕೂ ನಾಮಪದಕ್ಕೂ ಒಂದೇ ಬಾಲ ಕಂಡರೆ ಪಾಪ, ಯಂತ್ರ ಏನು ಮಾಡಬೇಕು? ‘ಉತ್ತೇನೆ’ ಪೂರ್ತಿ ಸಿಗಲು ಏಳು ಸಂಕೇತ ಬೇಕು, ‘ಗಳಲ್ಲಿ’ಗೆ ಆರು. ನಮ್ಮ ವ್ಯಾಕರಣ ಇರುವುದೇ ಪ್ರತ್ಯಯದಲ್ಲಿ, ಹಾಗಾಗಿ ಒಂದರಿಂದ ಏಳರವರೆಗೆ ಎಲ್ಲ ಬಾಲಗಳನ್ನೂ ಕೊಡಿ. ಫೀಚರ್ ಸಂಖ್ಯೆ ವಿಪರೀತ ಬೆಳೆದರೆ, ತರಬೇತಿಯ ಆಯ್ಕೆಗಳಲ್ಲಿ ಕನಿಷ್ಠ ಆವರ್ತನವನ್ನು ಏರಿಸಿ, ವಿರಳವಾದವು ಬಿದ್ದುಹೋಗುತ್ತವೆ.

ಇನ್ನೊಂದು ಕೊರತೆ, ಅಕ್ಕಪಕ್ಕದ ಪದಗಳನ್ನು ಅದು ಫೀಚರ್ ಆಗಿ ನೋಡುವುದೇ ಇಲ್ಲ. ನಿಮ್ಮ ವರದಿಗಳಲ್ಲಿ ‘ರಾಶಿ’ ಎಷ್ಟು ಸಲ ಬರುತ್ತದೆ ಎಂದು ನನಗೆ ಗೊತ್ತು. ‘ರಾಶಿ ದರ ಏರಿತು’ ಎಂದಾಗ ಅದು ಅಡಿಕೆಯ ದರ್ಜೆ. ‘ರಾಶಿ ಮಳೆ ಬಂತು’ ಎಂದರೆ ನಮ್ಮ ಕಡೆಯ ಮಾತಿನಲ್ಲಿ ಬಹಳ ಮಳೆ. ಮುಂದಿನ ಪದ ಕೊಡದೆ ಇವೆರಡನ್ನು ಬಿಡಿಸಲಾಗದು. ಟೋಕನ್‌ಗಳ (ವಾಕ್ಯದ ಬಿಡಿ ಪದಗಳ) ಪಟ್ಟಿಯನ್ನೂ ಪದದ ಸ್ಥಾನವನ್ನೂ ಪಡೆದು, ಫೀಚರ್‌ಗಳ ಪಟ್ಟಿ ಹಿಂತಿರುಗಿಸುವ ಒಂದು ಪೈಥಾನ್ ಫಂಕ್ಷನ್ ಬರೆದು ಟ್ಯಾಗರ್‌ಗೆ ಒಪ್ಪಿಸಿದರೆ ಆಯಿತು. ಹಿಂದಿನ ಪದಕ್ಕೂ ಮುಂದಿನ ಪದಕ್ಕೂ ಬೇರೆ ಬೇರೆ ಹೆಸರಿನ ಗುರುತು ಹಚ್ಚಿ, ಇಲ್ಲವಾದರೆ ಎರಡೂ ಕಲಸಿಹೋಗುತ್ತವೆ.

ನಾನು ಎರಡು ದಿನ ಕಳೆದುಕೊಂಡ ಜಾಗ ಹೇಳುತ್ತೇನೆ. ಆ ಫಂಕ್ಷನ್ ಮಾದರಿಯ (ತರಬೇತಿಯಲ್ಲಿ ಕಲಿತದ್ದನ್ನು ಉಳಿಸಿಡುವ) ಕಡತದೊಳಗೆ ಉಳಿಯುವುದಿಲ್ಲ. ಮರುದಿನ ಮಾದರಿಯನ್ನು ತೆರೆಯುವಾಗ ಅದನ್ನು ಮತ್ತೆ ಕೊಡಲೇಬೇಕು. ಕೊಡದಿದ್ದರೆ ದೋಷದ ಸಂದೇಶವೂ ಬರುವುದಿಲ್ಲ, ಫಲಿತಾಂಶ ಮಾತ್ರ ಕೆಡುತ್ತದೆ.

ಸಾಗರದಿಂದ: ತೀರ್ಥಹಳ್ಳಿಯ ಅಕ್ಕ ಹೇಳಿದ್ದಕ್ಕೆ ಊರ ಹೆಸರುಗಳ ಮಾತು ಸೇರಿಸುತ್ತೇನೆ. ನಮ್ಮೂರೇ ನೋಡಿ, ‘ಸಾಗರ’ ಎಂದರೆ ತಾಲ್ಲೂಕೂ ಹೌದು, ಕಡಲೂ ಹೌದು. ಊರುಗಳ ಪಟ್ಟಿ ಮಾಡಿ, ‘ಪದ ಈ ಪಟ್ಟಿಯ ಹೆಸರಿನಿಂದ ಆರಂಭವಾಗುತ್ತದೆ’ ಎಂಬುದನ್ನು ಒಂದು ಫೀಚರ್ ಮಾಡಿದೆ. ಆಗ ‘ಸೊರಬದ’, ‘ಹೊಸನಗರಕ್ಕೆ’ ಎಲ್ಲವೂ ಸಿಕ್ಕವು. ಪರೀಕ್ಷೆಗೆ ವಾಕ್ಯಗಳನ್ನು ಕಲಸಿ ಆರಿಸಬೇಡಿ. ಮಾರುಕಟ್ಟೆ ವರದಿಯಲ್ಲಿ ದಿನವೂ ಹೆಚ್ಚುಕಡಿಮೆ ಅದೇ ವಾಕ್ಯ, ಅಂಕಿ ಮಾತ್ರ ಬೇರೆ, ತರಬೇತಿಯಲ್ಲಿ ಕಂಡದ್ದೇ ಪರೀಕ್ಷೆಗೂ ಬಂದುಬಿಡುತ್ತದೆ. ದಿನಾಂಕದ ಮೇಲೆ ಭಾಗ ಮಾಡಿ, ಹೊಸ ಪದಗಳ ಲೆಕ್ಕವನ್ನು ಪ್ರತ್ಯೇಕವಾಗಿ ಇಡಿ.

ಕೊಪ್ಪದಿಂದ: ಇದಕ್ಕೆಲ್ಲ ಮುಂಚೆ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಒಂದೇ ಅಕ್ಷರವನ್ನು ಎಲ್ಲೆಡೆ ಒಂದೇ ಬಗೆಯ ಸಂಕೇತದಲ್ಲಿ ಬರೆಯುವ ಯೂನಿಕೋಡ್ ರೂಪ) ತನ್ನಿ. ಏತ್ವವನ್ನು ಒಂದು ಸಂಕೇತವಾಗಿಯೂ ಬರೆಯಬಹುದು, ಎತ್ವದ ಮುಂದೆ ದೀರ್ಘದ ಚಿಹ್ನೆ ಇಟ್ಟು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬಾಲದ ಎಣಿಕೆಗೆ ಬೇರೆ. ‘ಬಸ್‌ನಲ್ಲಿ’ ಎಂಬಲ್ಲಿ ‘ಸ್’ಗೆ ‘ನ’ ಒತ್ತಾಗದಂತೆ ತಡೆಯುತ್ತ ಕಾಣದೆ ಕುಳಿತ ಸಂಕೇತವನ್ನೂ ಫೀಚರ್ ಮಾಡುವಾಗ ತೆಗೆಯಿರಿ.

ಶಿವಮೊಗ್ಗದಿಂದ: ಮೂವರಿಗೂ ವಂದನೆಗಳು. ಎನ್‌ಎಫ್‌ಸಿ ಮಾಡಿ, ಬಾಲವನ್ನು ಏಳಕ್ಕೆ ಏರಿಸಿದೆ. ತರಬೇತಿಯಲ್ಲಿ ಇಲ್ಲದಿದ್ದ ‘ಕೊಯ್ಯುತ್ತೇವೆ’ ಕ್ರಿಯಾಪದವೆಂದೇ ಬಂತು. ‘ರಾಶಿ’ ಇನ್ನೂ ಕೆಲವೆಡೆ ತಪ್ಪುತ್ತಿದೆ. ಮಳೆಯ ವರದಿಯ ವಾಕ್ಯಗಳು ನನ್ನಲ್ಲಿ ಕಡಿಮೆ, ಇಂದು ರಾತ್ರಿ ಅವುಗಳಿಗೆ ಗುರುತು ಹಾಕಲು ಕೂರುತ್ತೇನೆ.